ಭೂಮಿ ಚಪ್ಪಟೆ ಅನ್ನೋದು ಅಭಿಪ್ರಾಯವಾ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಎಂಟು, ಒಂಬತ್ತನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಸಂಗತಿ ಯಾವುದು, ಅಭಿಪ್ರಾಯ ಯಾವುದು ಅಂತ ಮಕ್ಕಳಿಗೆ ಹೇಳಿಕೊಡಲು ನೋಡಿದೆ. ‘ಸಾಬೀತಾದದ್ದು ಸಂಗತಿ, ಮನಸ್ಸಿಗೆ ಅನಿಸಿದ್ದು ಅಭಿಪ್ರಾಯ’ ಅಂತ ಬರೆಸಿದೆ. ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಆದರೆ ಪೇಪರ್ ಕೈಗೆ ಕೊಟ್ಟರೆ ಅಚ್ಚಾಗಿದ್ದೆಲ್ಲ ಸಂಗತಿ ಅಂತಾರೆ. ಮೊನ್ನೆ ಒಬ್ಬ ಹುಡುಗ, ‘ಭೂಮಿ ಚಪ್ಪಟಿ ಐತಿ ಅನ್ನೋದು ಖರೆ ಅಲ್ಲಲ್ರಿ ಟೀಚರ್ರ, ಹಂಗಾರ ಅದು ಅಭಿಪ್ರಾಯನ?’ ಅಂತ ಕೇಳಿದ. ಥಟ್ಟನೆ ಉತ್ತರ ಹೊಳೆಯಲಿಲ್ಲ. ಇದನ್ನು ಹೇಗೆ ಕಲಿಸಬೇಕು? ಪರೀಕ್ಷೆಯಲ್ಲಿ ಹೇಗೆ ಕೇಳಬೇಕು?

ಉತ್ತರ: ಮೊದಲು ಆ ಹುಡುಗನಿಗೆ ಶಭಾಷ್ ಹೇಳಿ. ಎಷ್ಟೋ ಪಠ್ಯಗಳಲ್ಲಿ ಇರುವ ಈ ವ್ಯಾಖ್ಯೆ ಎಲ್ಲಿ ಕೈಕೊಡುತ್ತದೋ ಸರಿಯಾಗಿ ಅಲ್ಲಿಗೇ ಬೆರಳಿಟ್ಟಿದ್ದಾನೆ. ಸಂಗತಿ ಅಂದ್ರೆ ನಿಜ ಅಂತ ಮಕ್ಕಳ ತಲೆಯಲ್ಲಿ ಕೂತರೆ, ನಿಜವಲ್ಲದ ಮಾತಿಗೆಲ್ಲ ಉಳಿಯುವುದು ಒಂದೇ ಜಾಗ, ಅಭಿಪ್ರಾಯ. ಇದರಿಂದ ಎರಡು ಕಡೆ ಪೆಟ್ಟು. ಸುಳ್ಳು ಹೇಳಿದವನು ‘ಅದು ನನ್ನ ಅಭಿಪ್ರಾಯ, ನಿಮಗೇನ್ರಿ’ ಅಂತ ಜಾರಿಕೊಳ್ಳುತ್ತಾನೆ. ಯೋಚಿಸಿ, ಕಾರಣ ಹುಡುಕಿ ಅಭಿಪ್ರಾಯ ಕಟ್ಟಿಕೊಂಡ ಮಗುವಿನ ಮಾತು ಸುಳ್ಳಿನ ಸಾಲಿಗೆ ಸೇರುತ್ತದೆ.

ಹಾಗಾಗಿ ‘ಇದು ನಿಜವಾ?’ ಅಂತ ಶುರು ಮಾಡಲೇಬೇಡಿ. ಅದು ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ ಬೇರೆ: ‘ಇದನ್ನ ಪಕ್ಕಾ ಮಾಡ್ಕೊಳ್ಳೋದು ಹೆಂಗ?’ ನೋಡಿ, ಅಳೆದು, ಎಣಿಸಿ, ದಾಖಲೆ ತೆಗೆದು ಪಕ್ಕಾ ಮಾಡಿಕೊಳ್ಳುವ ದಾರಿ ಇದ್ದರೆ ಅದು ಸಂಗತಿಯ ವಾಕ್ಯ. ಪಕ್ಕಾ ಮಾಡಿದ ಮೇಲೆ ಸರಿ ಬರಬಹುದು, ತಪ್ಪೂ ಬರಬಹುದು. ಭೂಮಿ ಚಪ್ಪಟೆ ಅನ್ನುವುದನ್ನು ಪರೀಕ್ಷೆ ಮಾಡಬಹುದು, ಮಾಡಿಯೂ ಆಗಿದೆ, ತಪ್ಪು ಅಂತ ಗೊತ್ತಾಗಿದೆ. ಅದು ತಪ್ಪಾದ ಸಂಗತಿ ವಾಕ್ಯ. ಅಭಿಪ್ರಾಯ ಅಲ್ಲವೇ ಅಲ್ಲ. ನಿಮ್ಮ ಹುಡುಗನಿಗೆ ಇಷ್ಟು ಹೇಳಿ, ಅವನಿಗೆ ಹಿಡಿಸುತ್ತದೆ.

ಇದನ್ನು ಗಟ್ಟಿ ಮಾಡಲು ನಮ್ಮ ಕಡೆಯದೇ ಉದಾಹರಣೆ ಬೇಕಾದಷ್ಟಿವೆ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್ ಅನ್ನಿಸಿಕೊಂಡಿತು. ಅದಕ್ಕೂ ಮುಂಚೆ ಆ ಹೆಸರು ಗೋರಖ್‌ಪುರದ್ದು. ಹಳೇ ಪುಸ್ತಕ ಓದಿದ ಮಗು ‘ಗೋರಖ್‌ಪುರದ್ದೇ ಉದ್ದ’ ಅಂದರೆ, ಅದು ಅಭಿಪ್ರಾಯ ಹೇಳುತ್ತಿಲ್ಲ. ಹಳತಾದ ಸಂಗತಿ ಹೇಳುತ್ತಿದೆ. ಟೇಪು ಹಿಡಿದು ಅಳೆಯುವಂಥದ್ದು ಅದು. ‘ಅಷ್ಟು ಉದ್ದದ ಪ್ಲಾಟ್‌ಫಾರ್ಮ್ ನಮಗೆ ಬೇಕಿತ್ತಾ?’ ಅಂತ ಕೇಳಿ ನೋಡಿ, ಆಗ ಟೇಪಿಗೆ ಕೆಲಸ ಇಲ್ಲ.

ಸ್ವಲ್ಪ ಕಷ್ಟದ್ದು ಬೇಕಾದರೆ ಗದಗ ಹತ್ತಿರದ ಕಣಗಿನಹಾಳ ತೆಗೆದುಕೊಳ್ಳಿ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಸಹಕಾರ ಸಂಘ ಕಟ್ಟಿದರು. ಇದನ್ನು ಪಕ್ಕಾ ಮಾಡಲು ದಾಖಲೆ ಸಾಕು. ‘ಏಷ್ಯಾದಲ್ಲೇ ಮೊದಲ ಸಹಕಾರ ಸಂಘ’ ಅನ್ನುವ ಮಾತೂ ನಮ್ಮಲ್ಲಿ ರೂಢಿ. ಅದೂ ಸಂಗತಿಯ ವಾಕ್ಯವೇ. ಆದರೆ ಪಕ್ಕಾ ಮಾಡುವ ಕೆಲಸ ಎಷ್ಟು ದೊಡ್ಡದು ನೋಡಿ! ಸಹಕಾರ ಸಂಘ ಅಂತ ಯಾವುದನ್ನು ಕರೆಯಬೇಕು? ಕಾನೂನಿನ ಪ್ರಕಾರ ನೋಂದಣಿ ಆಗಿರಬೇಕಾ? ಬೇರೆ ದೇಶಗಳ ದಾಖಲೆ ಯಾರು ನೋಡಬೇಕು? ಒಂದೇ ಊರಿನ ಬಗ್ಗೆ ಎರಡು ಸಂಗತಿ, ಆದರೆ ಒಂದಕ್ಕೆ ಅರ್ಧ ಗಂಟೆಯ ಕೆಲಸ, ಇನ್ನೊಂದಕ್ಕೆ ವರ್ಷಗಟ್ಟಲೆ. ಎಲ್ಲ ಸಂಗತಿಯೂ ಒಂದೇ ಹದದಲ್ಲಿ ಪಕ್ಕಾ ಆಗುವುದಿಲ್ಲ ಅಂತ ಒಂಬತ್ತನೇ ತರಗತಿಯ ಮಕ್ಕಳಿಗೆ ಅರ್ಥವಾಗುತ್ತದೆ. ಅವರನ್ನು ಕಡಿಮೆ ಅಂದಾಜು ಮಾಡಬೇಡಿ.

ಈಗ ತರಗತಿಯಲ್ಲಿ ಮಾಡುವ ಒಂದು ಕೆಲಸ ಹೇಳುತ್ತೇನೆ. ಶಿಕ್ಷಕರ ತರಬೇತಿಯಲ್ಲಿ ನಾನು ಮಾಡಿಸುವುದರಲ್ಲಿ ನನಗೆ ತುಂಬ ಇಷ್ಟವಾದದ್ದು ಇದು. ಹಾವೇರಿಯವರಾದ ನಿಮಗೆ ಸಾಮಾನು ಹುಡುಕುವ ಕಷ್ಟವೂ ಇಲ್ಲ.

ಬ್ಯಾಡಗಿ ಮೆಣಸಿನಪುಡಿ ಸ್ವಲ್ಪ, ಗುಂಟೂರು ಮೆಣಸಿನಪುಡಿ ಸ್ವಲ್ಪ, ಬೇರೆ ಬೇರೆ ಪೊಟ್ಟಣದಲ್ಲಿ ತನ್ನಿ. ಕೊಂಡ ಪುಡಿ ಬೇಡ, ಅದರಲ್ಲಿ ಏನು ಬೆರೆತಿದೆಯೋ ಗೊತ್ತಾಗಲ್ಲ. ಮನೆಯಲ್ಲಿ ಕುಟ್ಟಿದ್ದೇ ಇರಲಿ. ಪುಡಿ ತೆರೆಯುವ ಮುಂಚೆ, ಮೆಣಸಿನಕಾಯಿ ಬಗ್ಗೆ ತೋಚಿದ್ದನ್ನೆಲ್ಲ ಒಂದೊಂದು ವಾಕ್ಯದಲ್ಲಿ ಹೇಳೋಕೆ ಬಿಡಿ. ಬೋರ್ಡಿನ ಮೇಲೆ ಬರೆಯುತ್ತಾ ಹೋಗಿ. ಹೆಚ್ಚೂ ಕಡಿಮೆ ಇಂಥವೇ ಬರುತ್ತವೆ:

‘ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ.’
‘ಗುಂಟೂರು ಭಾಳ ಖಾರ.’
‘ನಮ್ಮ ಬ್ಯಾಡಗೀನ ಚಲೋ.’
‘ಈ ವರ್ಷ ರೇಟು ಬಿದ್ದೈತಿ.’
‘ಬ್ಯಾಡಗಿಗೆ ಜಿಐ ಟ್ಯಾಗ್ ಸಿಕ್ಕೈತಿ.’

ಒಂದೊಂದಕ್ಕೂ ಅದೇ ಪ್ರಶ್ನೆ, ಪಕ್ಕಾ ಮಾಡ್ಕೊಳ್ಳೋದು ಹೆಂಗ? ಕೊನೆಯದು ಸುಲಭ. ಜಿಐ ಅಂದರೆ ಒಂದು ಪ್ರದೇಶದ ವಿಶೇಷ ಮಾಲಿಗೆ ಕಾನೂನು ಕೊಡುವ ಗುರುತು. ಅದರ ನೋಂದಣಿ 2011ರಲ್ಲಿ ಆಗಿದೆ, ದಾಖಲೆ ಇದೆ. ಮಜಾ ಇರುವುದು ಮೊದಲ ಎರಡರಲ್ಲಿ. ಬಣ್ಣ ಕಣ್ಣಿಗೆ ಬಿಟ್ಟದ್ದು, ಖಾರ ನಾಲಿಗೆಗೆ ಬಿಟ್ಟದ್ದು, ಹಾಗಾಗಿ ಎರಡೂ ಅಭಿಪ್ರಾಯ ಅಂತ ಬಹಳಷ್ಟು ಮಕ್ಕಳು ಕೈ ಎತ್ತುತ್ತಾರೆ. ಶಿಕ್ಷಕರೂ ಎತ್ತುತ್ತಾರೆ.

ಆಗ ಎರಡು ಗಾಜಿನ ಲೋಟ ಇಡಿ. ಎರಡಕ್ಕೂ ಒಂದೇ ಅಳತೆ ಎಣ್ಣೆ, ಒಂದೇ ಚಮಚ ಪುಡಿ. ನೀರು ಬೇಡ, ಮೆಣಸಿನಕಾಯಿಯ ಕೆಂಪು ಬಣ್ಣ ಕರಗುವುದು ಎಣ್ಣೆಯಲ್ಲಿ. ಲೋಟಗಳನ್ನು ಸ್ವಲ್ಪ ಹೊತ್ತು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು, ಆಮೇಲೆ ಹಿಂದೆ ಬಿಳಿ ಹಾಳೆ ಹಿಡಿದು ತೋರಿಸಿ. ಯಾವ ಲೋಟ ಯಾವುದು ಅಂತ ಗೊತ್ತಿಲ್ಲದ ಮಕ್ಕಳನ್ನು ಕರೆದು ಕೇಳಿ. ಕೆಂಪು ಜಾಸ್ತಿ ಯಾವುದರಲ್ಲಿ ಅಂತ ತೋರಿಸುವುದಕ್ಕೆ ಅವರಿಗೆ ಬ್ಯಾಡಗಿಯ ಅಭಿಮಾನ ಬೇಕಾಗಿಲ್ಲ. ಇದನ್ನೇ ಪ್ರಯೋಗಾಲಯದಲ್ಲಿ ಯಂತ್ರ ಇಟ್ಟು ಅಳೆಯುತ್ತಾರೆ. ಬಣ್ಣಕ್ಕೆ ಆಸ್ಟಾ ಅನ್ನುವ ಲೆಕ್ಕ ಇದೆ, ಬ್ಯಾಡಗಿ ಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಯವರು ಅದನ್ನು ನೋಡಿಯೇ ಮಾಲು ತೆಗೆದುಕೊಳ್ಳುತ್ತಾರೆ. ಖಾರಕ್ಕೂ ಲೆಕ್ಕ ಇದೆ. 1912ರಲ್ಲಿ ಅಮೆರಿಕದ ವಿಲ್ಬರ್ ಸ್ಕೋವಿಲ್ ಅನ್ನುವವರು ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳು ಮಾಡುತ್ತಾ ಹೋದರು. ಎಷ್ಟು ತೆಳುವಾದಾಗ ನಾಲಿಗೆಗೆ ಖಾರ ಹತ್ತುವುದಿಲ್ಲ ಅಂತ ಕೆಲವರಿಗೆ ರುಚಿ ನೋಡಲು ಕೊಟ್ಟು ಲೆಕ್ಕ ಹಾಕಿದರು. ಈಗ ಆ ಕೆಲಸವನ್ನೂ ಯಂತ್ರ ಮಾಡುತ್ತದೆ. ನಾಲಿಗೆಯ ಮಾತು ಅಂದುಕೊಂಡಿದ್ದು ಹೀಗೆ ಅಳತೆಗೆ ಬಂತು.

ಇನ್ನು ‘ನಮ್ಮ ಬ್ಯಾಡಗೀನ ಚಲೋ’. ಇದು ಅಭಿಪ್ರಾಯ ಅಂತ ಎಲ್ಲರೂ ಒಪ್ಪುತ್ತಾರೆ. ಒಪ್ಪಿದ ಕೂಡಲೇ ಮುಂದಿನ ವಾಕ್ಯಕ್ಕೆ ಓಡಬೇಡಿ. ‘ಯಾವುದಕ್ಕ ಚಲೋ?’ ಅಂತ ಕೇಳಿ. ಒಬ್ಬಳು ಸಾರಿಗೆ ಅಂತಾಳೆ, ಒಬ್ಬ ಉಪ್ಪಿನಕಾಯಿಗೆ ಅಂತಾನೆ, ಇನ್ನೊಬ್ಬ ಮಾರೋದಕ್ಕೆ ಅಂತಾನೆ. ‘ಬಣ್ಣ ಬೇಕು, ಬಾಯಿ ಉರೀಬಾರದು ಅನ್ನೋರಿಗೆ ಬ್ಯಾಡಗಿ ಚಲೋ’ ಅಂತ ವಾಕ್ಯ ತಿದ್ದಿಕೊಂಡರೆ, ಅದೇ ಅಭಿಪ್ರಾಯಕ್ಕೆ ಈಗ ಸಂಗತಿಯ ಆಸರೆ ಸಿಕ್ಕಿತು. ನೀವು ಇಡೀ ಪಾಠ ಮಾಡುತ್ತಿರುವುದು ಮಕ್ಕಳು ತಮ್ಮ ಮಾತನ್ನು ಹೀಗೆ ತಾವೇ ತಿದ್ದಿಕೊಳ್ಳಲಿ ಅಂತಲೇ. ಇದಕ್ಕೆ ಹೊತ್ತು ಹಿಡಿದರೆ ಹಿಡಿಯಲಿ.

‘ರೇಟು ಬಿದ್ದೈತಿ’ ಅನ್ನುವುದನ್ನು ಮನೆಗೆಲಸಕ್ಕೆ ಕೊಡಿ. ಯಾವಾಗಿನದಕ್ಕೆ ಹೋಲಿಸಿ ಬಿದ್ದಿದೆ? ಹೋದ ವಾರಕ್ಕಾ, ಹೋದ ವರ್ಷಕ್ಕಾ? ಬ್ಯಾಡಗಿಯಲ್ಲೇ ಬೇರೆ ಬೇರೆ ಬಗೆ ಇವೆ, ಡಬ್ಬಿ ಕಾಯಿಯದಾ, ಕಡ್ಡಿ ಕಾಯಿಯದಾ? ಬ್ಯಾಡಗಿ ಎಪಿಎಂಸಿಗೆ ಮಾಲು ಹಾಕುವ ಅಪ್ಪನೋ ಕಾಕಾನೋ ಬಹಳ ಮಕ್ಕಳಿಗೆ ಇರುತ್ತಾರೆ, ಕೇಳಿಕೊಂಡು ಬರಲಿ. ಕ್ವಿಂಟಲ್‌ಗೆ ಎಷ್ಟು ಅಂತ ಬರೆದುಕೊಂಡು ಬಂದ ಮಕ್ಕಳ ಅಂಕಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಯಾಕೆ ಅಂತ ಮಾತಾಡಿದರೆ ಇನ್ನೊಂದು ಪಿರಿಯಡ್ ಅದರಲ್ಲೇ ಮುಗಿಯುತ್ತದೆ.

ಒಂದು ಎಚ್ಚರಿಕೆ. ಪುಡಿಯನ್ನು ನೀವೇ ಹಾಕಿ, ಮಕ್ಕಳ ಕೈಗೆ ಕೊಡಬೇಡಿ. ರುಚಿ ನೋಡಿಸುವುದಂತೂ ಬೇಡವೇ ಬೇಡ.

ಈಗ ಪೇಪರಿಗೆ ಬರೋಣ. ಅಚ್ಚಾದದ್ದೆಲ್ಲ ಸಂಗತಿ ಅಂತಾರೆ ಅಂದಿರಿ. ಅದರಲ್ಲಿ ಮಕ್ಕಳ ತಪ್ಪು ಕಡಿಮೆ. ಒಂದೇ ವಾಕ್ಯದಲ್ಲಿ ಎರಡೂ ಬೆರೆತು ಬಂದಿರುತ್ತವೆ, ಬೇರೆ ಮಾಡುವುದನ್ನು ಯಾರೂ ತೋರಿಸಿಕೊಟ್ಟಿರುವುದಿಲ್ಲ. ಹೀಗೊಂದು ಸಾಲು ಬರೆಯಿರಿ: ‘ಸಭೆಗೆ ಬರೋಬ್ಬರಿ 200 ಜನ ಬಂದಿದ್ದರು.’ ಕೆಳಗೆ ಇನ್ನೊಂದು: ‘ಸಭೆಗೆ ಕೇವಲ 200 ಜನ ಬಂದಿದ್ದರು.’ ಸಂಗತಿ ಎರಡರಲ್ಲೂ ಒಂದೇ, 200 ಜನ. ‘ಬರೋಬ್ಬರಿ’, ‘ಕೇವಲ’ ಎರಡೂ ಬರೆದವರ ಅಭಿಪ್ರಾಯ. ಯಾವ ಹುಡುಗನೂ ಇದನ್ನು ಮರೆಯುವುದಿಲ್ಲ.

ಅಲ್ಲಿಂದ ಪೆನ್ಸಿಲ್ ಕೆಲಸ. ಸುದ್ದಿಯ ಒಂದು ತುಂಡು ಕೊಟ್ಟು, ಮೊಬೈಲ್ ಕ್ಯಾಮೆರಾದಲ್ಲಿ ಹಿಡಿಯಬಹುದಾದ ಮಾತಿನ ಕೆಳಗೆ ಗೆರೆ ಎಳೆಯಲು ಹೇಳಿ. ಹಿಡಿಯಲಾಗದ ಮಾತಿಗೆ ಸುತ್ತು ಹಾಕಲಿ. ‘ಕೆರೆಗೆ ಕಾರ್ಖಾನೆಯ ನೀರು ಸೇರುತ್ತಿದ್ದು, ಅಧಿಕಾರಿಗಳು ಕಣ್ಮುಚ್ಚಿ ಕುಳಿತಿದ್ದಾರೆ’ ಅನ್ನುವ ಸಾಲು ತೆಗೆದುಕೊಳ್ಳಿ. ನೀರು ಸೇರುವುದನ್ನು ಹೋಗಿ ನೋಡಬಹುದು. ಅದು ಕಾರ್ಖಾನೆಯದೇ ಅಂತ ಹೇಳಲು ನೀರಿನ ಪರೀಕ್ಷೆ ಮಾಡಬೇಕು. ಕಣ್ಮುಚ್ಚಿ ಕುಳಿತಿದ್ದಾರೆ ಅನ್ನುವುದಕ್ಕೆ ಸುತ್ತು. ಆದರೆ ‘ಮೂರು ಸಲ ಅರ್ಜಿ ಕೊಟ್ಟರೂ ಉತ್ತರ ಬಂದಿಲ್ಲ’ ಅಂತ ಬರೆದಿದ್ದರೆ ಮತ್ತೆ ಗೆರೆ. ಈ ವ್ಯತ್ಯಾಸ ಹಿಡಿದ ಮಗು ಮುಂದೆ ತಾನೇ ದೂರು ಬರೆಯುವಾಗಲೂ ಮೂರು ಅರ್ಜಿಯ ತಾರೀಖು ಬರೆಯುತ್ತದೆ. ನನಗೆ ಈ ಪಾಠ ಅಷ್ಟು ಮುಖ್ಯ ಅನಿಸುವುದು ಅದಕ್ಕೇ.

ಬೆಳಗಿನ ಪ್ರಾರ್ಥನೆಯಲ್ಲಿ ನಿಮ್ಮ ಶಾಲೆಯಲ್ಲೂ ಪೇಪರ್ ಓದಿಸುತ್ತಿರಬೇಕು. ಓದಿದ ಮಗುವೇ ಕೊನೆಗೆ ‘ಇದರಲ್ಲಿ ಇಂಥ ಮಾತು ಬರೆದವರ ಅಭಿಪ್ರಾಯ’ ಅಂತ ಒಂದು ವಾಕ್ಯ ಸೇರಿಸಲಿ. ಅದಕ್ಕೆ ಬೇರೆ ಪಿರಿಯಡ್ ಬೇಕಾಗಿಲ್ಲ.

ವಾಟ್ಸಾಪ್ ವಿಷಯ ನೀವು ಕೇಳಿಲ್ಲ, ಆದರೆ ಬಿಟ್ಟರೆ ಪಾಠ ಅರ್ಧ. ಕನ್ನಡದಲ್ಲಿ ನಮಗೊಂದು ಒಳ್ಳೆಯ ಸೌಕರ್ಯ ಇದೆ. ಕಣ್ಣಾರೆ ಕಂಡದ್ದನ್ನು ‘ಬಂತು’ ಅಂತೀವಿ, ಇನ್ನೊಬ್ಬರು ಹೇಳಿದ್ದನ್ನು ‘ಬಂತಂತೆ’ ಅಂತೀವಿ. ಮಾತು ಎಲ್ಲಿಂದ ಬಂತು ಅಂತ ಹೇಳುವ ಗುರುತು ಅದು. ಸುದ್ದಿ ಕೈಯಿಂದ ಕೈಗೆ ದಾಟುವಾಗ ಮೊದಲು ಉದುರುವುದು ಈ ‘ಅಂತೆ’ಯೇ. 2021ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಹತ್ತಿರ ಚಿರತೆ ಕಾಣಿಸಿಕೊಂಡಿತ್ತು. ಅದು ನಿಜವೇ, ಅರಣ್ಯ ಇಲಾಖೆಯವರು ಹುಡುಕಾಟಕ್ಕೆ ಇಳಿದಿದ್ದರು. ಇಂಥ ಹೊತ್ತಿನಲ್ಲಿ ‘ನಮ್ಮ ಓಣಿಗೂ ಬಂದಿತ್ತಂತೆ’ ಅನ್ನುವುದು ಎರಡು ಮೊಬೈಲ್ ದಾಟುವಷ್ಟರಲ್ಲಿ ‘ನಮ್ಮ ಓಣಿಗೆ ಬಂದಿದೆ’ ಆಗುತ್ತದೆ. ಫೋಟೋ ಬೇರೆ ಯಾವುದೋ ಊರಿನದು ಇರುತ್ತದೆ. ಮಕ್ಕಳಿಗೆ ಒಂದು ಅಭ್ಯಾಸ ಮಾಡಿಸಿ. ಫಾರ್ವರ್ಡ್ ಬಂದ ವಾಕ್ಯಕ್ಕೆ ‘ಅಂತೆ’ ವಾಪಸ್ ಸೇರಿಸಿ ಓದಬೇಕು. ಆಮೇಲೆ ‘ಯಾರು ನೋಡಿದ್ರಂತೆ? ಯಾವಾಗಂತೆ?’ ಅಂತ ಕೇಳಬೇಕು. ಉತ್ತರ ಇಲ್ಲದಿದ್ದರೆ ಮುಂದೆ ಕಳಿಸಬಾರದು.

ಇಷ್ಟೆಲ್ಲ ಆದ ಮೇಲೆ ಒಂದು ಅಪಾಯ ಇದೆ. ಸಂಗತಿ ಒಳ್ಳೆಯದು, ಅಭಿಪ್ರಾಯ ಕೆಟ್ಟದ್ದು ಅಂತ ಮಕ್ಕಳು ತೀರ್ಮಾನ ಮಾಡಿಬಿಡುತ್ತಾರೆ. ‘ಅದು ಬರೀ ಅಭಿಪ್ರಾಯ ಬಿಡ್ರಿ’ ಅಂತ ಶುರುವಾಗುತ್ತದೆ. ಇದನ್ನು ಅಲ್ಲೇ ತಡೆಯಿರಿ. ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರಿಗೆ 2008ರಲ್ಲಿ ಭಾರತರತ್ನ ಘೋಷಣೆಯಾಯಿತು. ಇದು ಸಂಗತಿ. ಆದರೆ ಅವರ ಹಾಡಿನಲ್ಲಿ ಏನು ದೊಡ್ಡದು ಅಂತ ತಿಳಿಯಬೇಕಾದರೆ ಕಿವಿ ಪಳಗಿದವರ ಅಭಿಪ್ರಾಯ ಕೇಳಲೇಬೇಕು. ಜೀವಮಾನವೆಲ್ಲ ಸಂಗೀತ ಕೇಳಿದ ಅಜ್ಜ ಹೇಳುವುದೂ, ಒಂದೇ ಒಂದು ಹಾಡು ಕೇಳಿದ ನಾನು ಹೇಳುವುದೂ ಎರಡೂ ಅಭಿಪ್ರಾಯವೇ. ಎರಡರ ತೂಕ ಒಂದೇ ಅಲ್ಲ. ಅಜ್ಜನ ಮಾತಿನ ಹಿಂದೆ ಕಾರಣ ಇದೆ, ಕೇಳಿದರೆ ಎಳೆ ಎಳೆಯಾಗಿ ಬಿಡಿಸಿ ಹೇಳುತ್ತಾರೆ.

ಧಾರವಾಡದ ಒಂದು ಶಾಲೆಯಲ್ಲಿ ಚಿಗರಿ ಬಸ್ಸಿನ ಬಗ್ಗೆ ಇದನ್ನೇ ಮಾಡಿಸಿದ್ದೆ. ಹುಬ್ಬಳ್ಳಿ ಧಾರವಾಡದ ನಡುವೆ ರಸ್ತೆಯ ಮಧ್ಯದ ದಾರಿಯನ್ನು ಆ ಬಸ್ಸಿಗೇ ಅಂತ ಬಿಟ್ಟಿದ್ದಾರೆ, ಊರಲ್ಲಿ ಅದರ ಬಗ್ಗೆ ಮಾತಾಡದವರಿಲ್ಲ. ಮೊದಲು ಅರ್ಧ ತರಗತಿ ‘ಭಾರೀ ಚಲೋ’ ಅಂತ ಕೂಗಿತು, ಇನ್ನರ್ಧ ‘ಬ್ಯಾಡಾಗಿತ್ತು’ ಅಂತ. ಪ್ರತಿಯೊಬ್ಬರೂ ‘ಯಾಕೆಂದರೆ’ ಅಂತ ಒಂದು ವಾಕ್ಯ ಸೇರಿಸಬೇಕು, ಆ ವಾಕ್ಯ ಪಕ್ಕಾ ಮಾಡಲು ಬರುವಂಥದ್ದು ಇರಬೇಕು ಅಂತ ಕಟ್ಟು ಹಾಕಿದೆ. ಒಬ್ಬ ಹುಡುಗಿ ಎದ್ದು, ‘ನಮ್ಮ ಅಕ್ಕ ಹುಬ್ಬಳ್ಳಿ ಕಾಲೇಜಿಗೆ ಹೋಗತಾಳ್ರಿ, ಅಕಿಗೆ ಟೈಮ್ ಉಳಿತೈತಿ. ನಮ್ಮ ಅಪ್ಪಾರ ಅಂಗಡಿ ರಸ್ತೆ ಬಾಜೂ ಐತ್ರಿ, ಅಲ್ಲೆ ಗಾಡಿ ನಿಲ್ಲಸಾಕ ಜಾಗಾ ಇಲ್ದಂಗಾಗೈತಿ. ನಾ ಯಾವ ಕಡೆ ಹೇಳ್ಬೇಕ್ರಿ?’ ಅಂದಳು. ಅವಳ ಹತ್ತಿರ ಎರಡು ಸಂಗತಿ ಇದ್ದವು, ಎರಡೂ ಅವಳ ಮನೆಯದೇ. ಸಂಗತಿ ಕೈಯಲ್ಲಿದ್ದ ಮಾತ್ರಕ್ಕೆ ಅಭಿಪ್ರಾಯ ತಾನಾಗಿಯೇ ಹುಟ್ಟುವುದಿಲ್ಲ. ಯಾರಿಗೆ ಆಗುವ ಅನುಕೂಲಕ್ಕೆ ಎಷ್ಟು ಬೆಲೆ ಕೊಡಬೇಕು ಅಂತ ತೂಗಬೇಕಾಗುತ್ತದೆ. ಅಂಥ ಮಗುವಿಗೆ ನಾವು ಹೇಳಬೇಕಾದದ್ದು ಇಷ್ಟೇ: ಎರಡನ್ನೂ ಬರಿ, ತೂಗಿ ನೋಡು, ಇವತ್ತೇ ತೀರ್ಮಾನ ಆಗದಿದ್ದರೂ ಪರವಾಗಿಲ್ಲ.

ನಂಬಿಕೆಯ ವಿಷಯ ಬಂದಾಗ ಜೋಪಾನ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಕಾರ್ಣಿಕಕ್ಕೆ, ಅಂದರೆ ಭವಿಷ್ಯ ನುಡಿಯುವ ಆಚರಣೆಗೆ, ನಿಮ್ಮ ಮಕ್ಕಳು ಹೋಗಿರುತ್ತಾರೆ. ಗೊರವಪ್ಪ ಬಿಲ್ಲನ್ನೇರಿ ಒಂದು ಸಾಲು ನುಡಿಯುತ್ತಾರೆ. ಇಂಥ ಸಾಲು ನುಡಿದರು ಅನ್ನುವುದು ಸಂಗತಿ, ಸಾವಿರಾರು ಜನ ಕೇಳಿಸಿಕೊಂಡಿರುತ್ತಾರೆ. ಅದರ ಅರ್ಥ ಮಳೆ ಬೆಳೆಯದು ಅಂತ ರೈತರು ಹೇಳುವುದು, ರಾಜಕೀಯದ್ದು ಅಂತ ಇನ್ನೊಬ್ಬರು ಹೇಳುವುದು ಅವರವರ ಅಭಿಪ್ರಾಯ. ಅದನ್ನು ದೇವರ ನುಡಿ ಅಂತ ನಂಬುವುದು ನಂಬಿಕೆ. ಆ ಮೂರನೆಯದನ್ನು ತರಗತಿಯಲ್ಲಿ ಸರಿ ತಪ್ಪು ಅಂತ ಹೇಳಲು ಹೋಗಬೇಡಿ. ಮೂರೂ ಬೇರೆ ಬೇರೆ ಅಂತ ಗೊತ್ತಾದರೆ ಸಾಕು. ನಾಳೆ ಮಳೆ ಬರುತ್ತೆ ಅನ್ನುವಂಥ ಮುನ್ಸೂಚನೆಗೂ ಬೇರೆ ಪಟ್ಟಿ ಮಾಡಿ, ನಾಡಿದ್ದು ತಾಳೆ ನೋಡಿ.

ರಾಜಕೀಯ ಮಾತ್ರ ಮೊದಲ ದಿನವೇ ಬೇಡ. ಮೆಣಸಿನಕಾಯಿ, ಕ್ರಿಕೆಟ್, ಸಿನಿಮಾ ಹೀರೋ, ಇವುಗಳಲ್ಲಿ ಕೈ ಕುದುರಲಿ. ನಮ್ಮ ಕಡೆಯವರ ಮಾತು ಬಂದಾಗ ದೊಡ್ಡವರೂ ಎಡವುತ್ತಾರೆ. 2018ರಲ್ಲಿ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದವರು ವಯಸ್ಕರಿಗೆ ಐದು ಸಂಗತಿಯ ವಾಕ್ಯ, ಐದು ಅಭಿಪ್ರಾಯದ ವಾಕ್ಯ ಕೊಟ್ಟು ಗುರುತಿಸಲು ಹೇಳಿದ್ದರು. ಐದೂ ಸಂಗತಿ ಸರಿಯಾಗಿ ಗುರುತಿಸಿದವರು ಶೇ 26, ಐದೂ ಅಭಿಪ್ರಾಯ ಗುರುತಿಸಿದವರು ಶೇ 35. ತಮ್ಮ ಪಕ್ಷಕ್ಕೆ ಹಿತವಾದ ಮಾತನ್ನು ಸಂಗತಿ ಅನ್ನುವ ಚಾಳಿ ಎರಡೂ ಕಡೆ ಕಂಡಿತು. ನಾವು ಶಿಕ್ಷಕರೂ ಅದರಿಂದ ಹೊರಗಿಲ್ಲ. ಪಾಠದ ನಡುವೆ ನಿಮ್ಮ ಅನಿಸಿಕೆ ಹೇಳುವಾಗ ‘ಇದು ನನಗನಿಸಿದ್ದು’ ಅಂತ ಬಾಯಿಬಿಟ್ಟು ಹೇಳಿ. ಮಕ್ಕಳು ನಮ್ಮನ್ನು ನೋಡಿಯೇ ಕಲಿಯುವುದು. ಊರವರು ಯಾರಾದರೂ ಇದೆಲ್ಲ ಯಾಕೆ ಕಲಿಸ್ತೀರಿ ಅಂದರೆ, ಸಂವಿಧಾನದ 51ಎ ವಿಧಿ ತೋರಿಸಿ. ವೈಜ್ಞಾನಿಕ ಮನೋಭಾವ, ಪ್ರಶ್ನಿಸುವ ಬುದ್ಧಿ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯ ಅಂತ ಅಲ್ಲಿದೆ. ನಿಮ್ಮ ವಿಷಯದ ಪಾಠದಲ್ಲೇ ಬರುತ್ತದೆ.

ಪರೀಕ್ಷೆಗೆ ವ್ಯಾಖ್ಯೆ ಕೇಳಬೇಡಿ. ‘ಬಿಟ್ಟ ಸ್ಥಳ ತುಂಬಿರಿ’ಯೂ ಬೇಡ. ನಾಲ್ಕು ಸಾಲಿನ ತುಂಡು ಕೊಡಿ. ಉದಾಹರಣೆಗೆ: ‘ಮಾಗಡಿ ಕೆರೆ ಹಾವೇರಿ ಜಿಲ್ಲೆಯಲ್ಲಿದೆ. ಚಳಿಗಾಲದಲ್ಲಿ ಇಲ್ಲಿಗೆ ದೂರದೇಶದ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಈ ಕೆರೆಗೆ ರಾಮ್ಸರ್ ತಾಣ, ಅಂದರೆ ಜಗತ್ತಿನ ಮಟ್ಟದಲ್ಲಿ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ ಸಿಕ್ಕಿತು. ಇಷ್ಟು ಚಂದದ ಕೆರೆಗೆ ಜನರನ್ನು ಬಿಡಲೇಬಾರದು.’ ಯಾವುದನ್ನು ಹೇಗೆ ಪಕ್ಕಾ ಮಾಡುತ್ತೀರಿ ಅಂತ ಕೇಳಿ. ಮಾಗಡಿ ಇರುವುದು ಗದಗ ಜಿಲ್ಲೆಯಲ್ಲಿ. ಮೊದಲ ವಾಕ್ಯವನ್ನು ‘ಸಂಗತಿ, ಆದರೆ ತಪ್ಪು’ ಅಂತ ಬರೆದವರಿಗೆ ಪೂರ್ತಿ ಅಂಕ. ಜಿಲ್ಲೆ ಯಾವುದು ಅಂತ ಗೊತ್ತಿಲ್ಲದೆ ‘ಸಂಗತಿ, ನಕ್ಷೆ ನೋಡಬೇಕು’ ಅಂತ ಬರೆದವರಿಗೂ ಪೂರ್ತಿ ಕೊಡಿ, ದಾರಿ ಸರಿ ಹಿಡಿದಿದ್ದಾರೆ. ಕೊನೆಯ ವಾಕ್ಯವನ್ನು ಒಪ್ಪುತ್ತೀರಾ, ಯಾಕೆ ಅಂತ ಎರಡು ಸಾಲು ಬರೆಯಲಿ. ಬಿಡಬೇಕು ಅಂದರೂ, ಬಿಡಬಾರದು ಅಂದರೂ ಅಂಕ ಒಂದೇ. ‘ಯಾಕೆಂದರೆ’ ಆದ ಮೇಲೆ ಏನು ಬರೆದಿದ್ದಾರೆ ಅಂತ ಮಾತ್ರ ನೋಡಿ.